ಮಧ್ಯದ ಬರ್ತಿನವನ ಮಾತು

ಮಾತು ಬೆಳ್ಳಿ, ಮೌನ ಬಂಗಾರ ಅಂತ ನಮ್ಮಪ್ಪ ದಿನಕ್ಕೊಂದು ಸಲವಾದರೂ ಹೇಳೋರು. ಬಂಗಾರದ ಈಗಿನ ರೇಟು ನೋಡಿದರೆ ನಮ್ಮಂಥವರಿಗೆ ಮೌನ ಕೈಗೆಟುಕುವ ವಸ್ತುವಲ್ಲ. ಆದರೂ ನಮ್ಮ ಮನೆತನದಲ್ಲಿ ಅದು ಪಿತ್ರಾರ್ಜಿತವಾಗಿ ಧಾರಾಳವಾಗಿ ಬಂದಿದೆ. ಹೋಟೆಲಿನ ಸಾಂಬಾರಿಗೆ ಉಪ್ಪಿಲ್ಲದಿದ್ದರೆ ನಾವು ಮಾಣಿಯನ್ನು ಕರೆಯೋದಿಲ್ಲ, ಚಟ್ನಿಯಲ್ಲಿ ಸರಿದೂಗಿಸುತ್ತೇವೆ. ಕ್ಷೌರದಂಗಡಿಯವನು ತಲೆ ಹಿಂದೆ ಕನ್ನಡಿ ಹಿಡಿದು "ಓಕೆನಾ ಸರ್?" ಅಂದರೆ "ಫಸ್ಟ್ ಕ್ಲಾಸ್" ಅಂತ ಹೇಳಿ, ಹೊರಗೆ ಬಂದು ಟೋಪಿ ಕೊಳ್ಳುತ್ತೇವೆ.

ನನ್ನ ಹೆಂಡತಿ ಬಂದದ್ದು ಬೇರೆ ಸಂಸ್ಥಾನದಿಂದ. ಅವರ ಮನೆಯಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ, ಆದರೂ ಎಲ್ಲರಿಗೂ ಎಲ್ಲವೂ ಕೇಳಿಸುತ್ತದೆ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಒಂದು ಲೀಟರ್ ನೀರಿನ ಬಾಟಲಿ ಕೇಳಿದೆವು. ಮೇಲೆ ಛಾಪಿಸಿದ್ದು 20 ರೂಪಾಯಿ, ಅಂಗಡಿಯವನು ಕೇಳಿದ್ದು 25. ನಾನು ಆಗಲೇ ಪರ್ಸು ಬಿಚ್ಚಿದ್ದೆ. ಇವಳು ನನ್ನ ಕೈ ಹಿಡಿದಳು.

"ಇಪ್ಪತ್ತು ಅಂತ ಬರೆದಿದೆಯಲ್ಲ?"

"ಕೂಲಿಂಗ್ ಚಾರ್ಜ್ ಮೇಡಂ. ಫ್ರಿಜ್ಜಿನ ಕರೆಂಟ್ ಬಿಲ್ ಯಾರು ಕಟ್ತಾರೆ?"

"ಹಾಗಾದ್ರೆ ಹೊರಗಡೆ ಬಿಸಿಲಲ್ಲಿ ಇಟ್ಟಿದೀರಲ್ಲ, ಅದನ್ನ ಹದಿನೈದಕ್ಕೆ ಕೊಡಿ."

ಅಂಗಡಿಯವನಿಗೆ ಈ ಲೆಕ್ಕ ಯಾವ ಗಿರಾಕಿಯೂ ಹಾಕಿಕೊಟ್ಟಿರಲಿಲ್ಲ. ತಣ್ಣಗಿನದೇ 20ಕ್ಕೆ ಬಂತು. ಪೊಟ್ಟಣದ ಮೇಲೆ ಛಾಪಿಸಿದ ಗರಿಷ್ಠ ಬೆಲೆಯಲ್ಲಿ ತೆರಿಗೆಗಳೆಲ್ಲ ಸೇರಿರುತ್ತವೆ, ಅದಕ್ಕಿಂತ ಹೆಚ್ಚು ತಗೊಳ್ಳುವ ಹಾಗಿಲ್ಲ ಅಂತ 2011ರ ನಿಯಮವೇ ಇದೆ, 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಇದೆಲ್ಲ ನನಗೂ ಗೊತ್ತು. ನನಗೆ ಗೊತ್ತಿರೋದು ಮನೆಗೆ ಬಂದಮೇಲೆ ನೆನಪಾಗುತ್ತದೆ, ಅವಳಿಗೆ ಗೊತ್ತಿಲ್ಲದ್ದೂ ಅಂಗಡಿಯಲ್ಲೇ ಹೊಳೆಯುತ್ತದೆ.

ಅವಳ ಗುಟ್ಟು ನನಗೆ ನಿಧಾನಕ್ಕೆ ತಿಳಿಯಿತು. ಅದು ಗಂಟಲಿನದಲ್ಲ, ಗಡಿಯಾರದ್ದು. ದುಡ್ಡು ನಮ್ಮ ಕೈಯಲ್ಲಿರುವ ತನಕ ನಾವು ಗಿರಾಕಿಗಳು, ಗಲ್ಲಾಪೆಟ್ಟಿಗೆಗೆ ಬಿದ್ದ ಮೇಲೆ ಅರ್ಜಿದಾರರು. ಸಿಟಿ ಬಸ್ಸಿನಲ್ಲಿ ನಾನು ಕಾಯಂ ಅರ್ಜಿದಾರ. ಟಿಕೆಟ್ಟಿನ ಹಿಂದೆ ಬಾಕಿ ಚಿಲ್ಲರೆ ಗೀಚಿ "ಇಳಿಯುವಾಗ ಕೇಳಿ" ಅಂತ ಕಂಡಕ್ಟರು ಜನಸಾಗರದಲ್ಲಿ ಮುಳುಗುತ್ತಾರೆ. ನನ್ನ ಸ್ಟಾಪ್ ಬರುವಾಗ ಅವರು ಮುಂದಿನ ಬಾಗಿಲಲ್ಲಿ, ನಾನು ಹಿಂದಿನ ಬಾಗಿಲಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸೊನ್ನೆ ಟಿಕೆಟ್. ಅಂದರೆ ಮನೆಯಲ್ಲಿ ಜಗಳ ಬಲ್ಲವರಿಗೆ ಚಿಲ್ಲರೆಯ ತಾಪತ್ರಯ ತಪ್ಪಿತು, ಜಗಳ ಬಾರದವನ ತಲೆಗೇ ಅದು ಪೂರ್ತಿ ಬಿತ್ತು.

ಹೀಗಿರುವಾಗ ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಒಬ್ಬನೇ ಬರುವ ಪ್ರಸಂಗ ಒದಗಿತು. ಬರ್ತು ನಂಬರ್ 37. ಸ್ಲೀಪರ್ ಬೋಗಿಯಲ್ಲಿ ನಿಮ್ಮ ನಂಬರನ್ನು 8ರಿಂದ ಭಾಗಿಸಿದಾಗ ಶೇಷ 2 ಅಥವಾ 5 ಉಳಿದರೆ ಹಣೆಯಲ್ಲಿ ಬರೆದದ್ದು ಮಧ್ಯದ ಬರ್ತು. ಮಧ್ಯದ ಬರ್ತು ತ್ರಿಶಂಕು ಸ್ವರ್ಗ. ಮೇಲಿನವನು ಹತ್ತಿ ಮಲಗಿದರೆ ಅವನ ಕಥೆ ಮುಗಿಯಿತು. ಕೆಳಗಿನವನದು ಅರಮನೆ, ಕಿಟಕಿ ಬೇರೆ. ಮಧ್ಯದವನ ಹಾಸಿಗೆ ಮಾತ್ರ ಬೇರೆಯವರ ಬೆನ್ನಿಗೆ ಒರಗುದಿಂಬಾಗಿ ಜೋತಿರುತ್ತದೆ. ಅವರು ಎದ್ದರೇ ಅದಕ್ಕೆ ಬರ್ತಿನ ಜನ್ಮ.

ಕೆಳಗಿನ ಬರ್ತಿನಲ್ಲಿದ್ದವರು ಅರವತ್ತರ ಆಸುಪಾಸಿನ ಯಜಮಾನರು, ಗಟ್ಟಿಮುಟ್ಟಾಗಿದ್ದರು. ಎದುರಿನವರ ಜೊತೆ ಮಗಳ ಮದುವೆಯ ಕಥೆ ಶುರು ಮಾಡಿದ್ದರು. ಹಾವೇರಿಯಲ್ಲಿ ಛತ್ರ ಬುಕ್ ಆಯಿತು. ರಾಣೆಬೆನ್ನೂರಿನಲ್ಲಿ ಅಡುಗೆಯವರ ಜೊತೆ ಮಾತು ಕೆಟ್ಟಿತು. ಈ ಲೆಕ್ಕದಲ್ಲಿ ಧಾರೆ ಮುಗಿಯೋದು ಅರಸೀಕೆರೆಯಲ್ಲೇ. ರೈಲ್ವೆ ನಿಯಮದ ಪ್ರಕಾರ ಮಲಗುವ ಸಮಯ ರಾತ್ರಿ 10ರಿಂದ ಬೆಳಗ್ಗೆ 6. ಮೊದಲು 9ಕ್ಕೇ ಶುರುವಾಗುತ್ತಿತ್ತು, 2017ರಲ್ಲಿ ಒಂದು ಗಂಟೆ ಕತ್ತರಿಸಿದರು. ಕತ್ತರಿಸಿದವರಿಗೆ ಖಂಡಿತ ಕೆಳಗಿನ ಬರ್ತೇ ಸಿಕ್ಕಿರಬೇಕು.

ಈ ಸಲ ಗಡಿಯಾರ ನೋಡುತ್ತಾ ಕೂತೆ. ಹತ್ತೂವರೆಗೆ ಬಾಯಿಬಿಟ್ಟರೆ ಅಷ್ಟರಲ್ಲಿ ಹೊಟ್ಟೆಯಲ್ಲಿ ಸಿಟ್ಟು ಕುದ್ದು ದನಿ ಕೀರಲಾಗುತ್ತದೆ, ಇಡೀ ಬೋಗಿ ಯಜಮಾನರ ಪಕ್ಷ ವಹಿಸುತ್ತದೆ. ಸರಿಯಾಗಿ ಹತ್ತಕ್ಕೆ ಎದ್ದು, "ಹತ್ತು ಗಂಟೆ ಆಯ್ತು ಸರ್, ಬರ್ತು ಎತ್ತೋಣವಾ?" ಅಂದೆ.

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ. ಹತ್ತು ನಿಮಿಷ."

ನಮ್ಮ ದೇಶದಲ್ಲಿ ಹತ್ತು ನಿಮಿಷ ಅನ್ನೋದಕ್ಕೂ ಗಡಿಯಾರಕ್ಕೂ ಸಂಬಂಧವಿಲ್ಲ. ಅಪ್ಪನ ಬಂಗಾರ ಗಂಟಲಿಗೆ ಬಂದು ಕೂತಿತ್ತು. ನುಂಗಿಕೊಂಡು ಹೇಳಿದೆ: "ಹುಷಾರಿಲ್ಲ ಅಂದಿದ್ರೆ, ಮಂಡಿ ನೋವು ಅಂದಿದ್ರೆ ಹನ್ನೆರಡರವರೆಗೂ ನಿಂತೇ ಇರ್ತಿದ್ದೆ. ಮದುವೆ ಕಥೆಗೆ ಆಗಲ್ಲ ಸರ್. ಹತ್ತರಿಂದ ಆರು, ಅದು ನಿಯಮ."

ಬೋಗಿ ಸ್ತಬ್ಧವಾಯಿತು. ಸೈಡ್ ಲೋವರಿನಲ್ಲಿ ಕಾಲು ಚಾಚಿಕೊಂಡಿದ್ದ ಸೈಡ್ ಅಪ್ಪರಿನ ಹುಡುಗ ತಾನಾಗಿ ಎದ್ದು ಮೇಲೆ ಹತ್ತಿದ. ಅವನಿಗೂ ಅನ್ವಯಿಸುವ ನಿಯಮ ಅದೇ. ಹತ್ತರ ಮೇಲೆ ಅವನಿಗೆ ಕೆಳಗಡೆ ಹಕ್ಕಿಲ್ಲ. ನಾನು ಅವನಿಗೆ ಹೇಳಿಯೇ ಇರಲಿಲ್ಲ. ಯಜಮಾನರು ಕನ್ನಡಕದ ಮೇಲಿಂದ ನನ್ನನ್ನು ಒಂದು ಸಲ ನೋಡಿ, ಎದ್ದು, ಸರಪಳಿ ಸಿಕ್ಕಿಸೋಕೆ ತಾವೇ ಕೈಹಚ್ಚಿದರು. ಜೀವನದಲ್ಲಿ ಮೊದಲ ಸಲ ಗೆದ್ದ ನಾನು ಮೂಗಿನಿಂದ ಒಂದು ಗೇಣು ಮೇಲಿದ್ದ ಬರ್ತನ್ನು ನೋಡುತ್ತಾ ಮಲಗಿದೆ. ಕೆಳಗಿನಿಂದ ಗೊರಕೆ ಶುರುವಾಯಿತು. ಅದಕ್ಕೆ ನಿಯಮ ಇಲ್ಲ.

ಬೆಳಗ್ಗೆ ಯಾರೋ ಭುಜ ತಟ್ಟಿದರು. ಯಜಮಾನರು. ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಮೊಬೈಲನ್ನು ನನ್ನ ಕಣ್ಣಿಗೆ ಹಿಡಿದಿದ್ದರು. ಆರು ಗಂಟೆ, ಸೊನ್ನೆ ನಿಮಿಷ.

"ಬರ್ತು ಇಳಸ್ರಿ. ನಿಯಮ."

ಇಳಿಸಿದೆ. ರೈಲು ಲೇಟು, ತುಮಕೂರೇ ಇನ್ನೂ ಬಂದಿರಲಿಲ್ಲ. ಇಬ್ಬರೂ ಅಕ್ಕಪಕ್ಕ ಕೂತು ಬೇರೆ ಬೇರೆ ಕಿಟಕಿ ನೋಡಿದೆವು. ಚಹಾ ಬಂತು. ಅವರೇ ಎರಡು ತಗೊಂಡು, ಒಂದನ್ನು ನನ್ನ ಕಡೆ ಚಾಚಿ, ನಿಂತುಹೋಗಿದ್ದ ಮದುವೆಯನ್ನು ಬೀಗರ ಊಟದಿಂದ ಮುಂದುವರಿಸಿದರು. ಕಥೆ ಚೆನ್ನಾಗಿಯೇ ಇತ್ತು, ಹಗಲು ಹೊತ್ತಿಗೆ.

ತುಮಕೂರಿನಲ್ಲಿ ಸೀಸನ್ ಪಾಸಿನವರು ನುಗ್ಗಿದರು. ಕುತ್ತಿಗೆಗೆ ಐಡಿ ಕಾರ್ಡು, ಕೈಯಲ್ಲಿ ಊಟದ ಡಬ್ಬಿ. ಒಬ್ಬ ನಮ್ಮೆದುರು ಬಂದು ನಿಂತು, "ಸ್ವಲ್ಪ ಒಳಗೆ ಸರೀತೀರಾ ಸಾರ್, ಯಶವಂತಪುರದಲ್ಲಿ ಇಳ್ಕೋತೀನಿ" ಅಂದ.

ಯಜಮಾನರು ನನ್ನನ್ನು ಮೊಣಕೈಯಲ್ಲಿ ತಿವಿದು, "ಹೇಳ್ರಿ ಇವರಿಗೆ, ನಿಮಗ ನಿಯಮ ಎಲ್ಲಾ ಬಾಯಿಪಾಠ ಅದಾವಲ್ಲ" ಅಂದರು.

"ಪಾಪ, ಕೇಳಿದ್ದಾರಲ್ಲ ಸರ್" ಅಂತ ನಾನು ಕಿಟಕಿ ಕಡೆ ಸರಿದೆ. ಅವನು ಥ್ಯಾಂಕ್ಸ್ ಹೇಳಿ ಕೂತು, ಬಾಗಿಲ ಕಡೆ ತಿರುಗಿ ಕೂಗಿದ: "ಬನ್ರೋ, ಇಲ್ಲಿ ಜಾಗ ಇದೆ!"