ಕೇಳಿದ ಮೇಲೆ ಹೇಳಿದ್ದು

ದಿನಕ್ಕೊಬ್ಬರಿಗಾದರೂ ಯೇಸುವಿನ ವಿಷಯ ಹೇಳಲೇಬೇಕು ಎಂದು ಕ್ರೈಸ್ತರು ತಮ್ಮ ನಂಬಿಕೆ ಹಂಚಿಕೊಳ್ಳುವ ಬಗ್ಗೆ ನಾನು ಓದಿದ ಲೇಖನವೊಂದರಲ್ಲಿದೆ. ಹಾಗೆ ಲೆಕ್ಕ ಇಟ್ಟು ಹೇಳುವುದು ನನಗಂತೂ ಒಗ್ಗುವುದಿಲ್ಲ. ನಾವು ಕಾರವಾರದ ಕೋಡಿಬಾಗದವರು, ಮನೆಮಾತು ಕೊಂಕಣಿ. ಕ್ರಿಸ್ಮಸ್‌ಗೆ ಪಕ್ಕದ ಹಿಂದೂ ಮನೆಯ ಅಕ್ಕನಿಗೆ ನೇವ್ರಿ (ಸಿಹಿ ಕರಿಗಡುಬು) ಕೊಟ್ಟರೆ ಚೌತಿಗೆ ಅದೇ ಡಬ್ಬಿಯಲ್ಲಿ ಅವರ ನೇವ್ರಿ ಬರುತ್ತದೆ (ಅವರದ್ದೇ ರುಚಿ, ಒಪ್ಪಿಕೊಂಡೆ). ಇಷ್ಟು ವರ್ಷ ಧರ್ಮದ ಮಾತೇ ಎತ್ತಿರಲಿಲ್ಲ. ಹೋದ ಮಳೆಗಾಲ ಅವರ ಯಜಮಾನರು ಆಸ್ಪತ್ರೆಯಲ್ಲಿದ್ದಾಗ ಅವರೇ ಕೇಳಿದರು: "ತಂಗಿ, ರಾತ್ರಿ ತೇರ್ಸ್ ಹೇಳ್ತೀಯಲ್ಲ, ಏನು ಬೇಡ್ಕೊಳ್ತೀ?" (ತೇರ್ಸ್ ಅಂದರೆ ನಮ್ಮ ಜಪಮಾಲೆ ಪ್ರಾರ್ಥನೆ.) ನಿಮ್ಮ ಮನೆಯವರ ಹೆಸರೂ ಸೇರಿಸಿದ್ದೇನೆ ಅಂದೆ. ಅಲ್ಲಿಂದ ಶುರುವಾದ ಮಾತು ಮಧ್ಯರಾತ್ರಿವರೆಗೆ ನಡೆಯಿತು. ಬೈಬಲಿನ 1 ಪೇತ್ರ 3:15 ಕೂಡ ಕೇಳಿದವರಿಗೆ ಸೌಮ್ಯವಾಗಿ ಉತ್ತರ ಕೊಡಿ ಅನ್ನುತ್ತದೆ. ಆ 'ಕೇಳಿದವರಿಗೆ' ಎಂಬುದನ್ನು ಲೇಖಕರು ಯಾಕೆ ಬಿಟ್ಟರು?