ಸೀರೆಯ ಮೇಲೆ ಸಿಡಿಯದ ನೀರು

ಕಳೆದ ವಾರ ಅವ್ವನ ಟ್ರಂಕು ತೆಗೆದು ಇಳಕಲ್ ಸೀರೆಗಳನ್ನು ಬಿಸಿಲಿಗೆ ಹಾಕುತ್ತಿದ್ದಾಗ, ತಳದಲ್ಲಿ ಹಾಸಿದ್ದ ಹಳೆಯ ವಾರಪತ್ರಿಕೆಯ ಹಾಳೆಯೊಂದು ಕೈಗೆ ಬಂತು. ಅರ್ಧ ಪುಟದ ತುಂಬ ಬಟ್ಟೆ ಸೋಪಿನ ಜಾಹೀರಾತು. ನೀಟಾಗಿ ತಲೆ ಬಾಚಿಕೊಂಡ ಹೆಂಗಸೊಬ್ಬಳು ಗಂಡನ ಬಿಳಿ ಅಂಗಿಯನ್ನು ಎತ್ತಿ ಹಿಡಿದು ನಗುತ್ತಿದ್ದಳು. ಎಂಬತ್ತು ದಾಟಿದ ಅವ್ವ ಆ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಇಕಿ ಸೀರಿಗೆ ಒಂದ ಹನಿ ನೀರ ಸೈತ ಸಿಡದಿಲ್ಲ ನೋಡವಾ" ಅಂದಳು.

ಹಳೇ ಬಾಗಲಕೋಟೆಯಲ್ಲಿದ್ದಾಗ ಅವ್ವ ಆರು ಜನರ ಅರಿವೆಗಳನ್ನು ಬುಟ್ಟಿಯಲ್ಲಿ ಹೊತ್ತು ಘಟಪ್ರಭೆಯ ದಂಡೆಗೆ ಹೋಗುತ್ತಿದ್ದಳು. ಕಲ್ಲಿನ ಮೇಲೆ ಬಡಿದು, ಹಿಂಡಿ, ಹಸಿ ಬಟ್ಟೆಯ ದುಪ್ಪಟ್ಟು ಭಾರ ಹೊತ್ತು ಏರು ಹತ್ತಿ ಬರುವಷ್ಟರಲ್ಲಿ ಮೊಣಕಾಲಿನವರೆಗೂ ಸೀರೆ ತೊಯ್ದಿರುತ್ತಿತ್ತು. ಆ ದಂಡೆ ಈಗ ಆಲಮಟ್ಟಿಯ ಹಿನ್ನೀರಿನಲ್ಲಿದೆ. ಹಳೆಯ ಜಾಹೀರಾತುಗಳು ಹೆಣ್ಣನ್ನು ಮನೆಯೊಳಗೇ ಇಟ್ಟವೆಂಬ ದೂರನ್ನು ನಾವೆಲ್ಲ ಕೇಳಿದ್ದೇವೆ, ಅದು ಸರಿಯೂ ಹೌದು. ಆದರೆ ನನ್ನನ್ನು ಹೆಚ್ಚು ಕಾಡುವುದು ಅವ್ವ ಗುರುತಿಸಿದ ಸಂಗತಿ: ಅವು ಹೆಣ್ಣನ್ನು ತೋರಿಸಿದವು, ಅವಳ ದುಡಿಮೆಯನ್ನು ಅಳಿಸಿಹಾಕಿದವು.

ಅಳಿಸಿದ ಜಾಗದಲ್ಲಿ ಪ್ರೀತಿಯನ್ನು ತಂದಿಟ್ಟರು. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ತುಪ್ಪದ ಬದಲಿಗೆ ಮಾರಾಟವಾದ ವನಸ್ಪತಿ. ಮುಂದೆ ಅದರ ಜಾಹೀರಾತು ಮಮತೆ ಇರುವಲ್ಲಿ ಡಾಲ್ಡಾ ಇರುತ್ತದೆ ಎಂದು ಹೇಳಿತು. ತುಪ್ಪ ಕೊಳ್ಳಲಾಗದ ಮನೆಯ ಹಣದ ಲೆಕ್ಕವೂ ಹೀಗೆ ತಾಯಿಯ ಮಮತೆಯ ಲೆಕ್ಕವಾಯಿತು. ಪ್ರೆಸ್ಟೀಜ್ ಕುಕ್ಕರಿನ ಪ್ರಸಿದ್ಧ ಹಿಂದಿ ಸಾಲಂತೂ ಅಡುಗೆ ಮಾಡುವವಳನ್ನು ಬಿಟ್ಟು ಅವಳ ಗಂಡನ ಜೊತೆಗೇ ಮಾತಾಡಿತು: ಹೆಂಡತಿಯನ್ನು ನಿಜವಾಗಿ ಪ್ರೀತಿಸುವವನು ಈ ಕುಕ್ಕರನ್ನು ಹೇಗೆ ಬೇಡವೆಂದಾನು? ಕುಕ್ಕರಿನಿಂದ ನಮ್ಮ ಮನೆಗೆ ದೊಡ್ಡ ಉಪಕಾರವಾಯಿತು. ತೊಗರಿ ಬೇಳೆ ಬೇಯುವವರೆಗೆ ಒಲೆಯ ಮುಂದೆ ಹೊಗೆ ಕುಡಿಯುತ್ತ ಕೂರುವುದು ತಪ್ಪಿತು. ಆ ಬಿಡುವು ಅವ್ವನಿಗೆ ನ್ಯಾಯವಾಗಿ ಸಲ್ಲಬೇಕಾದದ್ದು. ಅದನ್ನು ಗಂಡನ ಪ್ರೀತಿಯ ಕಾಣಿಕೆಯಾಗಿ ತೋರಿಸಿದ್ದನ್ನು ಮಾತ್ರ ನಾನು ಒಪ್ಪಲಾರೆ.

ಅವ್ವನಿಗೆ ಮೆಚ್ಚುಗೆಯಾದವಳು ಲಲಿತಾಜಿ ಒಬ್ಬಳೇ. 1980ರ ದಶಕದಲ್ಲಿ, ಅಗ್ಗದ ನಿರ್ಮಾ ಪುಡಿಯ ಸ್ಪರ್ಧೆಗೆ ಉತ್ತರವಾಗಿ, ಜಾಹೀರಾತು ನಿರ್ಮಾಪಕ ಅಲಿಕ್ ಪದಮ್ಸೀ ಅವರು ಸರ್ಫ್ ಪುಡಿಗಾಗಿ ರೂಪಿಸಿದ ಪಾತ್ರ ಅದು. ತಮ್ಮ ತಾಯಿಯೇ ಅದಕ್ಕೆ ಪ್ರೇರಣೆಯೆಂದು ಅವರು ಹೇಳಿಕೊಂಡಿದ್ದರು. ಕವಿತಾ ಚೌಧರಿ ಅಭಿನಯಿಸಿದ ಆ ಗೃಹಿಣಿ ಯಾರನ್ನೂ ಮೆಚ್ಚಿಸಲು ನಗುತ್ತಿರಲಿಲ್ಲ, ತರಕಾರಿಗೆ ಚೌಕಾಶಿ ಮಾಡುತ್ತಿದ್ದಳು, ಅಗ್ಗದ ವಸ್ತುವಿಗೂ ಒಳ್ಳೆಯ ವಸ್ತುವಿಗೂ ಇರುವ ವ್ಯತ್ಯಾಸವನ್ನು ಬಲ್ಲವಳಾಗಿದ್ದಳು. ಓಣಿಯಲ್ಲಿ ಟಿ.ವಿ. ಇದ್ದ ಒಂದೇ ಮನೆಯ ಪಡಸಾಲೆಯಲ್ಲಿ ಕುಳಿತು ಅವಳನ್ನು ನೋಡುವಾಗ ಅವ್ವನ ಮುಖದಲ್ಲಿ ಮೂಡುತ್ತಿದ್ದ ಕಳೆ ನನಗೆ ಇನ್ನೂ ನೆನಪಿದೆ, ಏಕೆಂದರೆ ಸೋಮವಾರದ ಸಂತೆಯಲ್ಲಿ ಅವ್ವನೂ ಹಾಗೆಯೇ ನಿಂತು ಮಾತಾಡುತ್ತಿದ್ದಳು. ಇಂದು ಯೋಚಿಸಿದರೆ ಆ ಜಾಹೀರಾತಿನಲ್ಲೂ ಒಂದು ಗಂಡುದನಿಯಿದೆ. ಚೌಕಾಶಿ ಮಾಡುವವಳು ದುಬಾರಿ ಪುಡಿ ಏಕೆ ಕೊಳ್ಳುತ್ತಾಳೆಂದು ಅದು ಕೇಳುತ್ತದೆ, ಲಲಿತಾಜಿ ಉತ್ತರ ಕೊಡುತ್ತಾಳೆ. ಅಷ್ಟು ಚುರುಕಾದ ಹೆಣ್ಣಿನ ಬುದ್ಧಿಗೂ ಒಪ್ಪಿಸಿದ್ದು ಒಗೆಯುವ ಪುಡಿಯ ಆಯ್ಕೆಯನ್ನೇ.

ಇದಕ್ಕೂ ಬಹಳ ಹಿಂದೆ, 1941ರಲ್ಲಿ, ಲಕ್ಸ್ ಸೋಪಿನ ಜಾಹೀರಾತಿಗೆ ಬಂದ ಮೊದಲ ಭಾರತೀಯ ನಟಿ ಲೀಲಾ ಚಿಟ್ನಿಸ್. ಹುಟ್ಟಿದ್ದು ನಮ್ಮ ನೆರೆಯ ಧಾರವಾಡದಲ್ಲಿ. ಆ ಕಾಲಕ್ಕೇ ಪದವಿ ಪಡೆದು, ಸ್ವಂತ ದುಡಿಮೆಯಿಂದ ಮಕ್ಕಳನ್ನು ಸಾಕಿದ ತಾಯಿ ಅವರು. ಸೋಪು ಮಾರಲು ಬೇಕಾದದ್ದು ಅವರ ಚೆಲುವು ಮಾತ್ರ.

ಇದೆಲ್ಲ ಮುಗಿದ ಕಾಲದ ಮಾತೆನ್ನುವವರಿಗೆ 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯನ್ನು ನೆನಪಿಸಬೇಕು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕಳೆಯುತ್ತಿದ್ದರು. ಅಂಥ ಕೆಲಸಕ್ಕೆ ಕೈ ಹಾಕುತ್ತಿದ್ದ ಗಂಡಸರೂ ನೂರಕ್ಕೆ ಇಪ್ಪತ್ತಾರರಷ್ಟೇ. ಎಷ್ಟೋ ದಶಕಗಳ ಕಾಲ ಮನೆಗೆಲಸವನ್ನು ಬೆವರಿಲ್ಲದ, ದಣಿವಿಲ್ಲದ ಪ್ರೀತಿಯಾಗಿ ಚಿತ್ರಿಸಿದ ಮೇಲೆ, ಅದರಲ್ಲಿ ಪಾಲು ತೆಗೆದುಕೊಳ್ಳಬೇಕೆಂದು ಗಂಡುಮಕ್ಕಳಿಗೆ ಹೇಗೆ ತೋಚಬೇಕು? 2015ರಲ್ಲಿ ಏರಿಯಲ್‌ನ ಜಾಹೀರಾತು, ಬಟ್ಟೆ ಒಗೆಯುವುದು ಹೆಂಗಸರ ಕೆಲಸ ಮಾತ್ರವೇ ಎಂದು ಬಾಯಿ ಬಿಟ್ಟು ಕೇಳಿದಾಗ ನನಗೆ ಸಂತೋಷವಾಗಿತ್ತು, ಅದೂ ಪುಡಿ ಮಾರುವುದಕ್ಕೇ ಎಂದು ತಿಳಿದಿದ್ದರೂ.

ಆ ಹಾಳೆಯನ್ನು ನಾನು ಮತ್ತೆ ಟ್ರಂಕಿನ ತಳಕ್ಕೆ ಹಾಸಲಿಲ್ಲ, ಪುಸ್ತಕದೊಳಗೆ ಇಟ್ಟಿದ್ದೇನೆ. ಇಳಕಲ್ ಸೀರೆಯ ಕಚ್ಚೆ ಕಟ್ಟಿ, ಮೊಣಕಾಲವರೆಗೆ ತೊಯ್ದು, ಕಲ್ಲಿನ ಮೇಲೆ ಅರಿವೆ ಬಡಿಯುವ ಹೆಂಗಸಿನ ಚಿತ್ರವಿರುವ ಹಳೆಯ ಸೋಪಿನ ಜಾಹೀರಾತು ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಇಲ್ಲಿ ಹಾಕಿ. ಅವ್ವನಿಗೆ ತೋರಿಸಬೇಕು.