ಸ್ಪಷ್ಟನೆ: ಅಮೆರಿಕ–ಯುರೋಪ್ ನಡುವೆ ‘ಸುಂಕರಹಿತ ಒಪ್ಪಂದ’ ಆಗಿಲ್ಲ

‘ಚೀನಾವನ್ನು ಎದುರಿಸಲು ಅಮೆರಿಕ ಮತ್ತು ಐರೋಪ್ಯ ಒಕ್ಕೂಟ 2013ರಲ್ಲೇ ಟಿಟಿಐಪಿ ಒಪ್ಪಂದಕ್ಕೆ ಸಹಿ ಹಾಕಿವೆ, ಈಗ ಎರಡೂ ಕಡೆ ಸುಂಕವೇ ಇಲ್ಲ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. (ಟಿಟಿಐಪಿ ಎಂದರೆ ಅಮೆರಿಕ ಮತ್ತು ಐರೋಪ್ಯ ಒಕ್ಕೂಟದ ನಡುವೆ ಆಗಬೇಕೆಂದಿದ್ದ ವ್ಯಾಪಾರ ಮತ್ತು ಹೂಡಿಕೆ ಒಪ್ಪಂದ.) ನಾನೂ ಆ ಸಂದೇಶವನ್ನು ಎರಡು ಗುಂಪುಗಳಿಗೆ ಕಳಿಸಿದ್ದೆ, ಕ್ಷಮೆಯಿರಲಿ.

2013ರಲ್ಲಿ ಆದದ್ದು ಸಹಿಯಲ್ಲ, ಮಾತುಕತೆಯ ಆರಂಭ. ಜುಲೈನಲ್ಲಿ ವಾಷಿಂಗ್ಟನ್‌ನಲ್ಲಿ ಮೊದಲ ಸುತ್ತು ನಡೆಯಿತು. 2016ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ 15ನೆಯದೇ ಕೊನೆಯ ಸುತ್ತು. ಸುಂಕಕ್ಕಿಂತ ಹೆಚ್ಚಾಗಿ ನಿಯಮಗಳೇ ತೊಡಕಾದವು. ಉದಾಹರಣೆಗೆ, ಕ್ಲೋರಿನ್ ನೀರಿನಲ್ಲಿ ತೊಳೆದ ಕೋಳಿಮಾಂಸ: ಅಮೆರಿಕದಲ್ಲಿ ಅದಕ್ಕೆ ಅನುಮತಿ ಇದೆ, ಯುರೋಪ್ 1997ರಿಂದಲೂ ಒಳಗೆ ಬಿಟ್ಟುಕೊಂಡಿಲ್ಲ. ಕೊನೆಗೆ 2019ರ ಏಪ್ರಿಲ್‌ನಲ್ಲಿ ಐರೋಪ್ಯ ಒಕ್ಕೂಟದ ಸಚಿವರ ಮಂಡಳಿಯೇ, ಟಿಟಿಐಪಿ ಮಾತುಕತೆಗಾಗಿ ಕೊಟ್ಟಿದ್ದ ನಿರ್ದೇಶನಗಳು ಈಗ ಅಪ್ರಸ್ತುತ ಎಂದು ತನ್ನ ನಿರ್ಣಯದಲ್ಲಿ ದಾಖಲಿಸಿತು.

ಸುಂಕ ಇಲ್ಲ ಎಂಬುದಂತೂ ದೂರದ ಮಾತು. 2018ರ ಜೂನ್‌ನಲ್ಲಿ ಅಮೆರಿಕ ಯುರೋಪಿನ ಉಕ್ಕಿಗೆ ಶೇ 25, ಅಲ್ಯೂಮಿನಿಯಂಗೆ ಶೇ 10 ಸುಂಕ ಹಾಕಿತು. 2025ರ ಜುಲೈನಲ್ಲಿ ಸ್ಕಾಟ್ಲೆಂಡಿನ ಟರ್ನ್‌ಬೆರಿಯಲ್ಲಿ ಆದ ಹೊಂದಾಣಿಕೆಯಲ್ಲೂ ಯುರೋಪಿನ ಬಹುತೇಕ ಸರಕಿಗೆ ಶೇ 15 ಎಂದೇ ಇತ್ತು.

ಗೊಂದಲ ಬಹುಶಃ ಐರೋಪ್ಯ ಒಕ್ಕೂಟ ಕೆನಡಾ ಜತೆ ಮಾಡಿಕೊಂಡ ‘ಸೆಟಾ’ ಎಂಬ ವ್ಯಾಪಾರ ಒಪ್ಪಂದದಿಂದ ಹುಟ್ಟಿರಬೇಕು. ಅದು 2017ರ ಸೆಪ್ಟೆಂಬರ್ 21ರಿಂದ ತಾತ್ಕಾಲಿಕವಾಗಿ ಜಾರಿಯಲ್ಲಿದೆ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.